95ನೇ ಆಸ್ಕರ್ ನೇರಪ್ರಸಾರ: ಹಾಡಿಗೆ ಸಿಕ್ಕ ಸಮಯ ಆನೆಗೆ ಸಿಗಲಿಲ್ಲ

ಯಾರಿಗೆ ಪ್ರಶಸ್ತಿ ಬಂತು ಅನ್ನುವುದು ಮರುದಿನದ ಪತ್ರಿಕೆಯಲ್ಲೇ ಸಿಗುತ್ತದೆ. ಮೂರೂವರೆ ಗಂಟೆ ಟಿವಿ ಮುಂದೆ ಕೂತವರಿಗೆ ಕಾಣುವುದು ಬೇರೆ: ವೇದಿಕೆಯ ಮೇಲೆ ಯಾರಿಗೆ ಎಷ್ಟು ಹೊತ್ತು ಕೊಟ್ಟರು, ಯಾರನ್ನು ಕರೆತಂದು ಗೌರವದಿಂದ ಮಾತಾಡಿಸಿದರು, ಯಾರ ಮಾತು ಅರ್ಧಕ್ಕೇ ನಿಂತಿತು. 2023ರ ಮಾರ್ಚ್‌ನಲ್ಲಿ ನಡೆದ 95ನೇ ಆಸ್ಕರ್ ಸಮಾರಂಭವನ್ನು ಹೀಗೆ ನೋಡಿದರೆ ಅದು ಅಚ್ಚುಕಟ್ಟಾದ, ಅದರ ಹಿಂದಿನ ವರ್ಷಕ್ಕಿಂತ ಎಷ್ಟೋ ಮೇಲಾದ ಕಾರ್ಯಕ್ರಮ. ಆದರೆ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದ ಒಂದೇ ಒಂದು ನಿಮಿಷವನ್ನು ಅದು ಕೈಯಾರೆ ಕಳೆದುಕೊಂಡಿತು.

ಆ ವರ್ಷ ಭಾರತಕ್ಕೆ ಸಂಬಂಧಪಟ್ಟ ಮೂರು ನಾಮನಿರ್ದೇಶನಗಳಿದ್ದವು. 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು' ಹಾಡು, ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್', ಪೂರ್ಣಾವಧಿ ಸಾಕ್ಷ್ಯಚಿತ್ರ ವಿಭಾಗದಲ್ಲಿ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್'. ಮೊದಲ ಎರಡು ಗೆದ್ದವು, ಮೂರನೆಯದು 'ನವಾಲ್ನಿ' ಎದುರು ಸೋತಿತು. ಇದರಲ್ಲಿ ಕೊಡಗಿನವರಿಗೆ ಹತ್ತಿರದ್ದು ಆನೆಯ ಚಿತ್ರ. ಅದು ನಡೆಯುವುದು ತಮಿಳುನಾಡಿನ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದಲ್ಲಿ. ಮುದುಮಲೆ, ಬಂಡೀಪುರ, ವಯನಾಡು, ನಾಗರಹೊಳೆ ಎಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡು. ನಾಗರಹೊಳೆಯ ಒಂದು ಪಾಲು ನಮ್ಮ ಜಿಲ್ಲೆಯದೇ. ಚಿತ್ರದಲ್ಲಿ ಮರಿಯಾನೆ ಸಾಕುವ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಕಾಟುನಾಯಕನ್ ಎಂಬ ಆದಿವಾಸಿ ಸಮುದಾಯದವರು. ದುಬಾರೆ, ಮತ್ತಿಗೋಡಿನಲ್ಲಿ ಆನೆ ನೋಡಿಕೊಳ್ಳುವ ಜೇನುಕುರುಬರ ಬದುಕು ಬಲ್ಲವರಿಗೆ ಆ ಮನೆ, ಆ ಒಲೆ, ಆ ಮರಿಯಾನೆಗೆ ತುತ್ತು ಕೊಡುವ ರೀತಿ ಯಾವುದೂ ಹೊಸದಲ್ಲ. ಮರಿಯಾನೆ ರಘುವಿನ ತಾಯಿ ಸತ್ತಿದ್ದು ವಿದ್ಯುತ್ ತಂತಿ ತಗುಲಿ. ಜೋತುಬಿದ್ದ ತಂತಿಗೆ ಸಿಕ್ಕಿ, ಬೈನೆ ಮರ ಎಳೆದು ತಂತಿಯ ಮೇಲೆ ಕೆಡವಿಕೊಂಡು ಆನೆ ಸಾಯುವ ಸುದ್ದಿ ನಮ್ಮ ತೋಟಗಳಿಂದಲೂ ಬರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಆ ಚಿತ್ರದ ತೂಕ ಹೆಚ್ಚು. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

ಮೊದಲು ನೋಡುವ ಅನುಕೂಲದ ವಿಷಯ. ಸಮಾರಂಭ ಲಾಸ್ ಏಂಜಲೀಸ್‌ನ ಡಾಲ್ಬಿ ಥಿಯೇಟರ್‌ನಲ್ಲಿ ಮಾರ್ಚ್ 12ರ ಭಾನುವಾರ ಸಂಜೆ 5ಕ್ಕೆ ಶುರುವಾಯಿತು; ನಮಗದು ಮಾರ್ಚ್ 13ರ ಸೋಮವಾರ ಬೆಳಗಿನ ಜಾವ 5.30. ಈ ಹೊತ್ತು ಪ್ರತಿ ವರ್ಷ ಒಂದೇ ಇರುವುದಿಲ್ಲ, ಅದಕ್ಕೇ ಎಷ್ಟೋ ಜನ ಶುರುವಿನ ಅರ್ಧ ಗಂಟೆ ತಪ್ಪಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಸಮಾರಂಭ ಅದಕ್ಕಿಂತ ಮೊದಲು ಬಂದರೆ ಒಂದು ಲೆಕ್ಕ, ಅದೇ ದಿನವೋ ನಂತರವೋ ಬಂದರೆ ಇನ್ನೊಂದು. 2024ರಿಂದ ಅವರ ಸಂಜೆ 4ಕ್ಕೇ ಶುರು ಮಾಡುತ್ತಿದ್ದಾರೆ. 2024ರಲ್ಲಿ ಮಾರ್ಚ್ 10ಕ್ಕೆ, ಅಂದರೆ ಗಡಿಯಾರ ತಿರುಗಿಸಿದ ದಿನವೇ ಬಂದದ್ದರಿಂದ ನಮಗೆ 4.30 ಆಯಿತು, 2025ರಲ್ಲಿ ಮಾರ್ಚ್ 2ಕ್ಕೆ ಬಂದದ್ದರಿಂದ ಮತ್ತೆ 5.30. ಅಲಾರಂ ಇಡುವ ಮೊದಲು ತಾರೀಖು ನೋಡಿ ಈ ಒಂದು ಗಂಟೆ ಲೆಕ್ಕ ಹಾಕಿಕೊಳ್ಳಿ.

2023ರಲ್ಲಿ ನೇರಪ್ರಸಾರ ಸಿಕ್ಕಿದ್ದು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ. ಈಗ ಅದು ಜಿಯೋಹಾಟ್‌ಸ್ಟಾರ್. ತೋಟದ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಒಂದೇ ಮೂಲೆಯಲ್ಲಿ ಸಿಗುವುದು ಸಾಮಾನ್ಯ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿ ಟಿವಿಗೆ ಕೊಡುವವರು ಮೊದಲೇ ಗುಣಮಟ್ಟವನ್ನು ಒಂದು ಹಂತ ಇಳಿಸಿಕೊಳ್ಳಬೇಕು. 'ಆಟೋ'ದಲ್ಲಿ ಬಿಟ್ಟರೆ ಅದು ಮೇಲಕ್ಕೂ ಕೆಳಕ್ಕೂ ಹಾರುತ್ತ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಎಚ್‌ಡಿಯಲ್ಲಿ ಪೂರ್ತಿ ಕಾರ್ಯಕ್ರಮ ದಕ್ಕುವುದಿಲ್ಲ. ದೊಡ್ಡ ಪ್ರಶಸ್ತಿಗಳಿರುವುದು ಕಡೆಯ ಗಂಟೆಯಲ್ಲಿ, ಪ್ಯಾಕು ಅದಕ್ಕೆ ಮೊದಲೇ ಖಾಲಿಯಾಗುತ್ತದೆ. ಡಿಶ್ ಇದ್ದವರಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಮೇತ. ದಪ್ಪ ಹನಿ ಬೀಳುವಾಗ ಸಿಗ್ನಲ್ ಸೋರಿಹೋಗಿ ಪರದೆ ಕಪ್ಪಾಗುತ್ತದೆ. ಸಂಜೆಯ ಮರುಪ್ರಸಾರವನ್ನೇ ನೆಚ್ಚಿಕೊಂಡವರಿಗೆ ಈ ಅಪಾಯ ಇದ್ದೇ ಇದೆ. ಸ್ಪ್ರಿಂಕ್ಲರ್ ಮೋಟಾರುಗಳು ಓಡುವ ಕಾಲವಾದ್ದರಿಂದ ವೋಲ್ಟೇಜ್ ಇಳಿದು ಸೆಟ್‌ಟಾಪ್ ಬಾಕ್ಸ್ ಮತ್ತೆ ಮತ್ತೆ ಆಫ್ ಆಗುವುದೂ ಉಂಟು. ಟಿವಿ ಯುಪಿಎಸ್‌ನಲ್ಲಿದ್ದು ಬಾಕ್ಸ್ ನೇರ ಲೈನಿನಲ್ಲಿದ್ದರೆ ಪ್ರಯೋಜನ ಇಲ್ಲ. ಬಾಕ್ಸನ್ನೂ ರೂಟರನ್ನೂ ಯುಪಿಎಸ್‌ಗೇ ಹಾಕಬೇಕು.

ಇನ್ನು ಕಾರ್ಯಕ್ರಮ. ನಿರೂಪಕ ಜಿಮ್ಮಿ ಕಿಮ್ಮೆಲ್. 2017, 2018ರ ನಂತರ ಅವರಿಗಿದು ಮೂರನೇ ಸಲ. ಹಿಂದಿನ ವರ್ಷ ವಿಲ್ ಸ್ಮಿತ್ ವೇದಿಕೆ ಹತ್ತಿ ಕ್ರಿಸ್ ರಾಕ್ ಕೆನ್ನೆಗೆ ಹೊಡೆದ ಪ್ರಕರಣದಿಂದ ಇಡೀ ಸಮಾರಂಭದ ಮಾನ ಹೋಗಿತ್ತು. ಅಂಥ ವರ್ಷದ ಮಾರನೆಯ ಸಲ ಬೇಕಾಗಿದ್ದದ್ದು ಗಾಬರಿಯಿಲ್ಲದೆ ವೇದಿಕೆ ನಡೆಸಬಲ್ಲ ಅನುಭವಿ, ಮತ್ತು ಆ ಕೆಲಸವನ್ನು ಕಿಮ್ಮೆಲ್ ಚೆನ್ನಾಗಿಯೇ ಮಾಡಿದರು. ಆರಂಭದ ಭಾಷಣದಲ್ಲಿ ಆ ಪ್ರಕರಣವನ್ನು ನೇರವಾಗಿ ಎತ್ತಿಕೊಂಡು, ನಗಿಸಿ, ಅಲ್ಲಿಗೇ ಬಿಟ್ಟರು. ಭಾಷಣ ಮುಗಿಯುವಾಗ 'ನಾಟು ನಾಟು' ನೃತ್ಯಗಾರರು ಬಂದು ಕುಣಿಯುತ್ತ ಅವರನ್ನು ವೇದಿಕೆಯಿಂದ ಆಚೆ ಕಳಿಸಿದ್ದು ಚಂದದ ಯೋಚನೆ. ಆ ಹಾಡು ಗೊತ್ತಿಲ್ಲದ ಪ್ರೇಕ್ಷಕರಿಗೂ ಅದರ ರುಚಿ ಅಲ್ಲೇ ಹತ್ತಿತು.

ಸೋತದ್ದು ನಡುವಿನ ತಮಾಷೆಗಳಲ್ಲಿ. ಒಂದು ಕತ್ತೆಯನ್ನು ವೇದಿಕೆಗೆ ಕರೆತಂದರು. ಕರಡಿ ವೇಷದವರೊಬ್ಬರು ಸಭೆಯ ನಡುವೆ ಓಡಾಡಿದರು. ಕಿಮ್ಮೆಲ್ ಕೆಳಗಿಳಿದು ಬಂದು ಮಲಾಲಾ ಯೂಸುಫ್‌ಝೈ ಅವರಿಗೆ ಒಬ್ಬ ನಟ ಇನ್ನೊಬ್ಬ ನಟನ ಮೇಲೆ ಉಗುಳಿದನೆಂಬ ಗಾಳಿಸುದ್ದಿಯ ಬಗ್ಗೆ ಪ್ರಶ್ನೆ ಕೇಳಿದರು. ತಾನು ಶಾಂತಿಯ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದು ಆಕೆ ಉತ್ತರಿಸಿದರು. ನೊಬೆಲ್ ಪಡೆದ ಹೆಣ್ಣುಮಗಳಿಗೆ ಕೇಳುವ ಪ್ರಶ್ನೆ ಇದಲ್ಲ, ಮತ್ತು ಆಕೆಯ ಗಂಭೀರ ಉತ್ತರವೇ ಆ ಭಾಗದ ಮಾನ ಉಳಿಸಿತು. ಇದಲ್ಲದೆ ಸಮಾರಂಭದ ನಡುವೆಯೇ ಡಿಸ್ನಿಯ 'ಲಿಟಲ್ ಮರ್ಮೇಡ್' ಚಿತ್ರದ ಟ್ರೇಲರ್ ತೋರಿಸಿದರು. ಪ್ರಸಾರ ಮಾಡುವ ಎಬಿಸಿ ವಾಹಿನಿ ಡಿಸ್ನಿಯದೇ. ವಾರ್ನರ್ ಬ್ರದರ್ಸ್ ಸಂಸ್ಥೆಯ ನೂರು ವರ್ಷದ ನೆನಪಿಗೆಂದು ಮಾರ್ಗೊ ರಾಬಿ, ಮಾರ್ಗನ್ ಫ್ರೀಮನ್ ಬಂದರು. ಇವೆಲ್ಲ ಎಷ್ಟು ನಿಮಿಷ ತಿಂದವು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶಸ್ತಿ ಕೊಡಲು, ಹಾಡು ಪರಿಚಯಿಸಲು ಬರುವವರ ಕೆಲಸ ಸುಲಭ ಅಂತ ಕಾಣುತ್ತದೆ. ಎದುರಿಗೆ ಟೆಲಿಪ್ರಾಂಪ್ಟರ್ ಇದೆ, ಓದಿದರೆ ಮುಗಿಯಿತು. ಆದರೆ ಓದುವುದು ಕಂಡುಬಿಟ್ಟರೆ ಅಲ್ಲಿಗೆ ಕೆಟ್ಟಿತು. ಸಾಮಾನ್ಯವಾಗಿ ಆಗುವ ತಪ್ಪು ಎರಡು. ಚಪ್ಪಾಳೆ ಬರುವಾಗಲೂ ಮಾತು ಮುಂದುವರಿಸುವುದು ಒಂದು. ಆಗ ಅರ್ಧ ವಾಕ್ಯ ಟಿವಿಯವರಿಗೆ ಕೇಳುವುದೇ ಇಲ್ಲ. ಇಬ್ಬರು ಬಂದಾಗ ಒಬ್ಬರ ಸಾಲು ಮುಗಿಯುವ ಮೊದಲು ಇನ್ನೊಬ್ಬರು ಶುರು ಮಾಡುವುದು ಮತ್ತೊಂದು. ಈ ಸಲ ಇದನ್ನೆಲ್ಲ ಮೀರಿ ಕೆಲಸ ಮಾಡಿ ತೋರಿಸಿದವರು ದೀಪಿಕಾ ಪಡುಕೋಣೆ. ಬೆಂಗಳೂರಿನಲ್ಲಿ ಬೆಳೆದ ಹುಡುಗಿ ಎಂಬ ಅಭಿಮಾನದಿಂದ ಮಾತ್ರ ಹೇಳುತ್ತಿಲ್ಲ. 'ನಾಟು ನಾಟು' ಪ್ರದರ್ಶನಕ್ಕೆ ಮುನ್ನ ಅವರು ಆಡಿದ ಕೆಲವೇ ಮಾತುಗಳಲ್ಲಿ ಬೇಕಾದ್ದೆಲ್ಲ ಇತ್ತು: ಹಾಡು ತೆಲುಗಿನದು, ಚಿತ್ರ ಅಲ್ಲೂರಿ ಸೀತಾರಾಮರಾಜು ಮತ್ತು ಕೊಮರಂ ಭೀಮ್ ಎಂಬ ನಿಜ ಜೀವನದ ಹೋರಾಟಗಾರರ ಗೆಳೆತನದ್ದು, ಅದರ ಹಿಂದೆ ವಸಾಹತುಶಾಹಿ ವಿರೋಧದ ದನಿ ಇದೆ. ಪ್ರತಿ ಸಲ ಕೇಕೆ ಎದ್ದಾಗ ಅವರು ನಿಂತರು, ನಕ್ಕರು, ಸದ್ದು ಇಳಿದ ಮೇಲೆ ಮಾತ್ರ ಮುಂದಿನ ಸಾಲು ಎತ್ತಿಕೊಂಡರು. ಒಂದು ಶಬ್ದವೂ ಚಪ್ಪಾಳೆಯಡಿ ಮುಳುಗಲಿಲ್ಲ. ನಮ್ಮ ಕನ್ನಡ ವಾಹಿನಿಗಳ ಪ್ರಶಸ್ತಿ ಸಮಾರಂಭಗಳಲ್ಲಿ ನಿರೂಪಣೆ ಮಾಡುವವರು ಈ ತುಣುಕನ್ನು ಕೂತು ನೋಡಬೇಕು.

ನಟ, ನಟಿ ಪ್ರಶಸ್ತಿಗಳನ್ನು ಹ್ಯಾಲಿ ಬೆರಿ ಮತ್ತು ಜೆಸಿಕಾ ಚಾಸ್ಟೇನ್ ಕೊಟ್ಟರು. ವಾಡಿಕೆಯಂತೆ ಹಿಂದಿನ ವರ್ಷದ ಶ್ರೇಷ್ಠ ನಟ ಬಂದು ಈ ವರ್ಷದ ಶ್ರೇಷ್ಠ ನಟಿಗೆ ಕೊಡಬೇಕು. ಆ ನಟ ವಿಲ್ ಸ್ಮಿತ್, ಹತ್ತು ವರ್ಷ ಪ್ರವೇಶವಿಲ್ಲ. ಹಾಗಾಗಿ ಈ ಹೊಂದಾಣಿಕೆ. ಅದರಿಂದ ನಷ್ಟವೇನೂ ಆಗಲಿಲ್ಲ. ಕರಿಯ ಸಮುದಾಯದಿಂದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದ ಮೊದಲಿಗರಾದ ಬೆರಿ ಅವರ ಕೈಯಿಂದ ಮಿಶೆಲ್ ಯೋ ಪ್ರಶಸ್ತಿ ತೆಗೆದುಕೊಂಡಾಗ, ಯಾವ ಭಾಷಣವೂ ಇಲ್ಲದೆ ಅದರ ಅರ್ಥ ಎಲ್ಲರಿಗೂ ಮುಟ್ಟಿತು. ಹೆಣ್ಣುಮಕ್ಕಳಿಗೆ ನಿಮ್ಮ ಕಾಲ ಮುಗಿಯಿತೆಂದು ಯಾರು ಹೇಳಿದರೂ ನಂಬಬೇಡಿ ಎಂದು ಯೋ ಹೇಳಿದ ಮಾತು ಆ ರಾತ್ರಿಯ ಒಳ್ಳೆಯ ಮಾತುಗಳಲ್ಲಿ ಒಂದು. ಕಡೆಯ ಪ್ರಶಸ್ತಿ ಕೊಡಲು ಹ್ಯಾರಿಸನ್ ಫೋರ್ಡ್ ಬಂದದ್ದೂ ಹಾಗೆಯೇ. ಅವರ ಜೊತೆ ಬಾಲನಟನಾಗಿ ಅಭಿನಯಿಸಿದ್ದ ಕಿ ಹುಯ್ ಕ್ವಾನ್ ಗೆದ್ದ ಚಿತ್ರದ ತಂಡದೊಡನೆ ವೇದಿಕೆ ಹತ್ತಿ ಅವರನ್ನು ಅಪ್ಪಿಕೊಂಡರು. ಲಕೋಟೆ ಒಡೆಯುವವರನ್ನು ಆರಿಸುವುದು ಒಂದು ಕಲೆ ಅಂತ ಇಲ್ಲಿ ಗೊತ್ತಾಗುತ್ತದೆ.

ಹಾಡಿನ ಪ್ರದರ್ಶನಗಳಲ್ಲಿ ಎರಡು ಎದ್ದು ನಿಂತವು, ಒಂದಕ್ಕೊಂದು ಪೂರಾ ವಿರುದ್ಧ. ಲೇಡಿ ಗಾಗಾ ಮೇಕಪ್ ಇಲ್ಲದೆ, ಕರಿ ಟೀಶರ್ಟು ಹರಿದ ಜೀನ್ಸ್‌ನಲ್ಲಿ ಸ್ಟೂಲಿನ ಮೇಲೆ ಕೂತು ಹಾಡಿದರು; ಕ್ಯಾಮೆರಾ ಮುಖದ ತೀರಾ ಹತ್ತಿರ ಹೋಗಿ ನಿಂತಿತು. ಗಂಟಲಿನ ಸಣ್ಣ ನಡುಕವೂ ಕಂಡಿತು. ರಿಯಾನಾ, ಡೇವಿಡ್ ಬರ್ನ್, ಸೋಫಿಯಾ ಕಾರ್ಸನ್ ಅವರ ಹಾಡುಗಳೂ ಇದ್ದವು, ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

'ನಾಟು ನಾಟು'ವಿನ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಚಿತ್ರದಲ್ಲಿ ಹಾಡಿದ ರಾಹುಲ್ ಸಿಪ್ಲಿಗಂಜ್ ಮತ್ತು ಕಾಲಭೈರವ ಅವರೇ ವೇದಿಕೆಯ ಮೇಲೂ ಹಾಡಿದರು. ಹಿನ್ನೆಲೆಗೆ ಚಿತ್ರದ ಅರಮನೆಯನ್ನು ನೆನಪಿಸುವ ಸೆಟ್ಟು. ಮೂಲ ಚಿತ್ರೀಕರಣ ನಡೆದದ್ದು 2021ರಲ್ಲಿ ಉಕ್ರೇನಿನ ಕೀವ್ ನಗರದ ಮರಿಯಿನ್‌ಸ್ಕಿ ಅರಮನೆಯ ಎದುರು. ರಾಮ್ ಚರಣ್, ಜೂನಿಯರ್ ಎನ್‌ಟಿಆರ್ ಸಭೆಯಲ್ಲಿದ್ದರೂ ಕುಣಿಯಲಿಲ್ಲ. ಬೇರೆ ನೃತ್ಯಗಾರರು ಕುಣಿದರು, ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಇಲ್ಲಿ ಗಮನಿಸಬೇಕಾದ್ದು ಕಾಲು. ಪ್ರೇಮ್ ರಕ್ಷಿತ್ ಸಂಯೋಜಿಸಿದ ಆ ಮುಖ್ಯ ಹೆಜ್ಜೆಯಲ್ಲಿ ಇಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಕಾಲನ್ನು ಒಳಕ್ಕೂ ಹೊರಕ್ಕೂ ಎಸೆಯುತ್ತಾರೆ. ಆ ಹೆಜ್ಜೆಯ ಜೀವ ಇರುವುದು ಇಬ್ಬರ ಮಂಡಿ ಒಂದೇ ಎತ್ತರಕ್ಕೆ, ಒಂದೇ ಗಳಿಗೆಯಲ್ಲಿ ಏಳುವುದರಲ್ಲಿ. ಕೂದಲೆಳೆಯಷ್ಟು ಹಿಂದೆ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಚಿತ್ರದಲ್ಲಿ ಅದನ್ನು ತಲೆಯಿಂದ ಪಾದದವರೆಗೆ ಪೂರ್ತಿ ಕಾಣುವಂತೆ ಎದುರಿನಿಂದ ಹಿಡಿದಿದ್ದಾರೆ. ಆಸ್ಕರ್ ವೇದಿಕೆಯಲ್ಲಿ ಗಾಯಕರು ಮುಂದೆ, ನೃತ್ಯಗಾರರು ಸುತ್ತ. ಕ್ಯಾಮೆರಾ ಗಾಯಕರ ಮುಖಕ್ಕೆ, ಅಲ್ಲಿಂದ ಗುಂಪಿಗೆ, ಅಲ್ಲಿಂದ ಸಭಿಕರಿಗೆ ಹಾರುತ್ತದೆ. ಮದುವೆಮನೆಯಲ್ಲಿ ವಾಲಗದ ಪೆಟ್ಟಿಗೆ ಕುಣಿದು ಗೊತ್ತಿರುವವರಿಗೆ ಈ ನಷ್ಟ ಕೂಡಲೇ ತಿಳಿಯುತ್ತದೆ: ವಾಲಗದಲ್ಲಿ ಮುಖ ನೋಡಿ ಲಯ ತಿಳಿಯುವುದಿಲ್ಲ, ಕಾಲು ನೋಡಬೇಕು. ಪ್ರದರ್ಶನದಲ್ಲಿ ಹುರುಪು ಇತ್ತು, ಹಾಡಿನ ವೇಗ ಎಲ್ಲೂ ಬಿಡಲಿಲ್ಲ. ಆ ಎರಡು ಜೋಡಿ ಕಾಲುಗಳನ್ನು ಇನ್ನಷ್ಟು ಹೊತ್ತು ತೋರಿಸಬೇಕಿತ್ತು.

ಇನ್ನೊಂದು ಆಕ್ಷೇಪ ಆಗಲೇ ಎದ್ದಿತ್ತು, ಅದು ನ್ಯಾಯವಾದದ್ದೇ. ಇಬ್ಬರು ನಾಯಕರ ಜಾಗದಲ್ಲಿ ಕುಣಿದವರು ಭಾರತ ಮೂಲದವರಲ್ಲ. ಅಮೆರಿಕದಲ್ಲಿ ದಕ್ಷಿಣ ಏಷ್ಯಾ ಮೂಲದ ನೃತ್ಯಗಾರರಿಗೆ ಬರ ಇಲ್ಲ. ಬ್ರಿಟಿಷರ ಎದುರು ನಿಂತು ನಮ್ಮ ಕುಣಿತ ನೋಡಿ ಎಂದು ತೋರಿಸುವ ಹಾಡಿನಲ್ಲಿ ಅವರಿಗೇ ಜಾಗ ಸಿಗದೆ ಹೋದದ್ದು ಸರಿಯಲ್ಲ.

ಹಾಡಿಗೆ ಪ್ರಶಸ್ತಿ ಘೋಷಿಸಿದವರು ಜನೆಲ್ ಮೊನೇ ಮತ್ತು ಕೇಟ್ ಹಡ್ಸನ್. ಎದುರಿಗಿದ್ದವರು ಸಾಮಾನ್ಯರಲ್ಲ: ಗಾಗಾ, ರಿಯಾನಾ, ಹದಿನಾಲ್ಕನೇ ಸಲ ನಾಮನಿರ್ದೇಶನಗೊಂಡಿದ್ದ ಡಯಾನ್ ವಾರೆನ್. ಸಂಗೀತ ನಿರ್ದೇಶಕ ಎಂ.ಎಂ. ಕೀರವಾಣಿ ಭಾಷಣ ಮಾಡಲಿಲ್ಲ, ಹಾಡಿದರು. ಚಿಕ್ಕಂದಿನಿಂದ ಕೇಳಿ ಬೆಳೆದ ಕಾರ್ಪೆಂಟರ್ಸ್ ತಂಡದ ಹಾಡೊಂದರ ಧಾಟಿಗೆ ತಮ್ಮ ಮಾತು ಹೊಂದಿಸಿ, ಈ ಗೆಲುವು ಪ್ರತಿ ಭಾರತೀಯನ ಹೆಮ್ಮೆ ಎಂಬರ್ಥದಲ್ಲಿ ಮುಗಿಸಿದರು. ಜೊತೆಗಿದ್ದ ಗೀತರಚನಕಾರ ಚಂದ್ರಬೋಸ್ 'ನಮಸ್ತೆ' ಅಂದರು. ಇಬ್ಬರೂ ಸಮಯದೊಳಗೆ ಮುಗಿಸಿದರು. ಅವರು ಇಷ್ಟು ಚೆನ್ನಾಗಿ ಸಮಯ ಹಂಚಿಕೊಂಡದ್ದರಿಂದಲೇ, ಅದಕ್ಕೂ ಮುಂಚೆ ಅದೇ ವೇದಿಕೆಯಲ್ಲಿ ನಡೆದದ್ದು ಇನ್ನೂ ನೋಯಿಸುತ್ತದೆ.

ಗೆದ್ದವರಿಗೆ ಅಕಾಡೆಮಿ ಕೊಡುವ ಸಮಯ 45 ಸೆಕೆಂಡು. ಇದು ಒಬ್ಬೊಬ್ಬರಿಗಲ್ಲ, ಇಡೀ ತಂಡಕ್ಕೆ. ಸಮಯ ಮೀರಿದರೆ ವಾದ್ಯವೃಂದ ಶುರುವಾಗುತ್ತದೆ, ಕ್ಯಾಮೆರಾ ದೂರ ಸರಿಯುತ್ತದೆ, ಪ್ರಸಾರ ಜಾಹೀರಾತಿಗೆ ಹೋಗುತ್ತದೆ. ಒಬ್ಬರೇ ಗೆದ್ದಾಗ ತೊಂದರೆಯಿಲ್ಲ. ಇಬ್ಬರು ಗೆದ್ದಾಗ ಮೊದಲು ಮೈಕ್ ಹಿಡಿದವರ ಕೃತಜ್ಞತೆಯ ಪಟ್ಟಿಯಲ್ಲೇ ಅಷ್ಟೂ ಖರ್ಚಾಗುತ್ತದೆ. 'ದಿ ಎಲಿಫೆಂಟ್ ವಿಸ್ಪರರ್ಸ್' ಹೆಸರು ಕೂಗಿದಾಗ ಆದದ್ದು ಇದೇ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮೊದಲು ಮಾತಾಡಿದರು. ಪ್ರಕೃತಿಯೊಂದಿಗಿನ ನಂಟು, ಮೂಲನಿವಾಸಿ ಸಮುದಾಯಗಳ ಬಗೆಗಿನ ಗೌರವ, ಜೊತೆಯಾಗಿ ಬದುಕುವುದು ಎಂದರು. ಬೊಮ್ಮನ್ ಮತ್ತು ಬೆಳ್ಳಿಯ ಹೆಸರು ಹೇಳಿ ನೆನೆದರು. ಒಂದೂ ಬೇಡದ ಮಾತಲ್ಲ. ಕಾಡಿನ ಅಂಚಿನ ಎರಡು ಹೆಸರು ಡಾಲ್ಬಿ ಥಿಯೇಟರ್‌ನಲ್ಲಿ ಕೇಳಿದ ಆ ಗಳಿಗೆ ಈ ಸಮಾರಂಭದ ಅತ್ಯಂತ ಬೆಲೆಬಾಳುವ ಗಳಿಗೆ. ಆಮೇಲೆ ನಿರ್ಮಾಪಕಿ ಗುನೀತ್ ಮೋಂಗಾ ಮೈಕಿನ ಹತ್ತಿರ ಬರುವಷ್ಟರಲ್ಲಿ ಸಂಗೀತ ಎದ್ದಿತು. ಅವರ ಮಾತು ಹೊರಬರಲೇ ಇಲ್ಲ. ಭಾರತದ ನಿರ್ಮಾಣವೊಂದಕ್ಕೆ ಸಿಕ್ಕ ಮೊದಲ ಆಸ್ಕರ್ ಇದು ಎಂದು ಹೇಳಬೇಕೆಂದಿದ್ದೆ ಎಂದು ಅವರು ಆಮೇಲೆ ಸಂದರ್ಶನಗಳಲ್ಲಿ ನೊಂದುಕೊಂಡರು.

ನಿಯಮ ಎಲ್ಲರಿಗೂ ಒಂದೇ ತಾನೇ ಎಂದು ಯಾರಾದರೂ ಕೇಳಬಹುದು. ಒಂದೇ ಅಲ್ಲ. ಅದೇ ರಾತ್ರಿ 'ಆನ್ ಐರಿಷ್ ಗುಡ್‌ಬೈ' ತಂಡ ಕಿರುಚಿತ್ರ ಪ್ರಶಸ್ತಿ ಪಡೆದಾಗ ಅದರ ನಟ ಜೇಮ್ಸ್ ಮಾರ್ಟಿನ್ ಹುಟ್ಟುಹಬ್ಬಕ್ಕೆ ಇಡೀ ಸಭೆ ಹಾಡಿತು. ಅದು ಚಂದದ ಕ್ಷಣ, ಇರಲೇಬೇಕಾದ ಕ್ಷಣ. ಅಂಥದ್ದಕ್ಕೆ ಜಾಗ ಮಾಡಿಕೊಡಲು ಬರುತ್ತದೆ ಎಂಬುದಕ್ಕೆ ಸಾಕ್ಷಿ. 2025ರಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದ ಏಡ್ರಿಯನ್ ಬ್ರೋಡಿ ಐದೂವರೆ ನಿಮಿಷಕ್ಕೂ ಹೆಚ್ಚು ಮಾತಾಡಿದರು. ಸಂಗೀತ ಶುರುವಾದಾಗ ನಿಲ್ಲಿಸಿ ಎಂದರು, ನಿಂತಿತು. ಆಸ್ಕರ್ ಇತಿಹಾಸದ ಅತಿ ಉದ್ದದ ಭಾಷಣ ಅದು. ತಾರೆಯ ಮುಂದೆ ಬಗ್ಗುವ ಗಡಿಯಾರ ಕಿರುಚಿತ್ರದವರ ಮುಂದೆ ಸೆಟೆದು ನಿಲ್ಲುತ್ತದೆ. ಮೇಲೆ ಹೇಳಿದ ಕತ್ತೆ, ಕರಡಿ, ಟ್ರೇಲರ್‌ಗಳಲ್ಲಿ ಒಂದನ್ನು ಬಿಟ್ಟಿದ್ದರೂ ಗುನೀತ್ ಮೋಂಗಾ ಅವರ ನಾಲ್ಕು ಮಾತಿಗೆ ಸಮಯ ಸಿಗುತ್ತಿತ್ತು.

ಒಂದು ಮಾತನ್ನು ಅವರ ಪರವಾಗಿಯೂ ಹೇಳಬೇಕು. 2022ರಲ್ಲಿ ಎಂಟು ವಿಭಾಗಗಳ ಪ್ರಶಸ್ತಿಗಳನ್ನು ನೇರಪ್ರಸಾರಕ್ಕೆ ಮೊದಲೇ ಕೊಟ್ಟು, ಕತ್ತರಿಸಿದ ತುಣುಕುಗಳನ್ನು ನಡುನಡುವೆ ತೋರಿಸಿದ್ದರು. ಸಂಕಲನ, ಸಂಗೀತ, ಧ್ವನಿ, ಮೂರೂ ಬಗೆಯ ಕಿರುಚಿತ್ರಗಳು ಎಲ್ಲ ಅದರಲ್ಲಿ ಸೇರಿದ್ದವು. 2023ರಲ್ಲಿ ಅದನ್ನು ಕೈಬಿಟ್ಟು 23 ವಿಭಾಗಗಳನ್ನೂ ನೇರವಾಗಿ ಕೊಟ್ಟರು. ಹಳೆಯ ಪದ್ಧತಿ ಮುಂದುವರಿದಿದ್ದರೆ ತೆಪ್ಪಕಾಡಿನ ಹೆಸರು ಬರುವುದೂ ಮೊದಲೇ ಕತ್ತರಿಸಿಟ್ಟ ತುಣುಕಿನಲ್ಲೇ ಆಗುತ್ತಿತ್ತು.

ಗೆದ್ದವರ ಪಟ್ಟಿಯಲ್ಲಿ ದೊಡ್ಡ ಪಾಲು 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಚಿತ್ರದ್ದು: 11 ನಾಮನಿರ್ದೇಶನ, 7 ಪ್ರಶಸ್ತಿ. ಚಿತ್ರ, ನಿರ್ದೇಶನ, ನಟಿ, ಪೋಷಕ ನಟ, ಪೋಷಕ ನಟಿ, ಮೂಲ ಚಿತ್ರಕಥೆ, ಸಂಕಲನ. ಜರ್ಮನ್ ಭಾಷೆಯ 'ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್' ನಾಲ್ಕು ಪಡೆಯಿತು. ಶ್ರೇಷ್ಠ ನಟ 'ದಿ ವೇಲ್' ಚಿತ್ರದ ಬ್ರೆಂಡನ್ ಫ್ರೇಸರ್. ವಸ್ತ್ರವಿನ್ಯಾಸದಲ್ಲಿ ರುತ್ ಕಾರ್ಟರ್ ಎರಡನೇ ಆಸ್ಕರ್ ಪಡೆದರು. ಎರಡು ಆಸ್ಕರ್ ಪಡೆದ ಮೊದಲ ಕರಿಯ ಮಹಿಳೆ ಅವರು. ಕಿ ಹುಯ್ ಕ್ವಾನ್ ಭಾಷಣವನ್ನಂತೂ ಬಿಡಬೇಡಿ. ದೋಣಿಯಲ್ಲಿ ಶುರುವಾದ ಪ್ರಯಾಣ, ನಿರಾಶ್ರಿತರ ಶಿಬಿರದಲ್ಲಿ ಕಳೆದ ವರ್ಷ, ಮನೆಯಲ್ಲಿ ಟಿವಿ ಮುಂದೆ ಕೂತ 84ರ ತಾಯಿ, ಎಲ್ಲ ಅಳುತ್ತಲೇ ಹೇಳಿದರು.

ಶ್ರೇಷ್ಠ ಚಿತ್ರದ ಮತದಾನ ಬೇರೆ ವಿಭಾಗಗಳಂತಲ್ಲ, ಇದು ಗೊತ್ತಿದ್ದರೆ ಊಹೆ ಮಾಡುತ್ತ ನೋಡುವುದಕ್ಕೆ ಸ್ವಾರಸ್ಯ. ಉಳಿದ ಕಡೆ ಹೆಚ್ಚು ಮತ ಬಂದವರು ಗೆದ್ದಂತೆ. ಇಲ್ಲಿ ಸದಸ್ಯರು ಹತ್ತು ಚಿತ್ರಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯಬೇಕು. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನ ಸಿಗದಿದ್ದರೆ, ಕಡಿಮೆ ಬಂದ ಚಿತ್ರವನ್ನು ತೆಗೆದು ಆ ಮತಪತ್ರಗಳನ್ನು ಅವುಗಳ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಅರ್ಧ ದಾಟುವವರೆಗೆ ಇದೇ. ಕೆಲವರು ಹುಚ್ಚು ಹಿಡಿದಂತೆ ಮೆಚ್ಚಿ ಉಳಿದವರು ಕಡೆಗೆ ತಳ್ಳುವ ಚಿತ್ರಕ್ಕೆ ಇದರಲ್ಲಿ ಗೆಲುವು ಕಷ್ಟ. ಬಹಳ ಜನರ ಪಟ್ಟಿಯಲ್ಲಿ ಎರಡು, ಮೂರನೇ ಜಾಗದಲ್ಲಾದರೂ ಇರಬೇಕು.

ಘೋಷಣೆಯೇ ತಪ್ಪಾಗುವುದೂ ಉಂಟು, ಅದಕ್ಕೆ ಕಾರಣ ಲಕೋಟೆ. ಪ್ರತಿ ಪ್ರಶಸ್ತಿಗೂ ಎರಡು ಲಕೋಟೆ ತಯಾರಿಸಿ ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಇಡುತ್ತಾರೆ. ಕೊಡುವವರು ಯಾವ ಕಡೆಯಿಂದ ಬಂದರೂ ಸಿಗಲಿ ಎಂದು. ಒಂದು ಕಡೆ ಒಡೆದ ಮೇಲೆ ಇನ್ನೊಂದು ಕಡೆಯದನ್ನು ಪಕ್ಕಕ್ಕಿಡಬೇಕು. 2017ರಲ್ಲಿ ಹಾಗೆ ಇಡದೆ, ಶ್ರೇಷ್ಠ ನಟಿಯ ಎರಡನೇ ಲಕೋಟೆ ವಾರೆನ್ ಬೀಟಿ ಕೈಗೆ ಹೋಯಿತು. 'ಮೂನ್‌ಲೈಟ್' ಬದಲು 'ಲಾ ಲಾ ಲ್ಯಾಂಡ್' ಎಂದು ಘೋಷಣೆಯಾಯಿತು. ಅಂದೂ ನಿರೂಪಕ ಕಿಮ್ಮೆಲ್‌ರೇ. 95ನೇ ಸಮಾರಂಭದಲ್ಲಿ ಅಂಥ ಯಾವ ಎಡವಟ್ಟೂ ಆಗಲಿಲ್ಲ.

ಅಗಲಿದವರ ಸ್ಮರಣೆಗೆ ಲೆನ್ನಿ ಕ್ರಾವಿಟ್ಜ್ ಹಾಡಿದರು, ಜಾನ್ ಟ್ರವೋಲ್ಟಾ ಗದ್ಗದವಾಗಿ ಪರಿಚಯಿಸಿದರು. ಆದರೆ ಪಾಲ್ ಸೊರ್ವಿನೋ, ಆನ್ ಹೇಶ್ ಅವರಂಥ ಹೆಸರು ಪರದೆಯ ಮೇಲೆ ಬರಲಿಲ್ಲ. ಪೂರ್ತಿ ಪಟ್ಟಿಗೆ ಕಡೆಯಲ್ಲಿ ಒಂದು ಕ್ಯೂಆರ್ ಕೋಡ್ ತೋರಿಸಿದರು. ಸತ್ತವರ ಹೆಸರನ್ನು ಫೋನಿನಲ್ಲಿ ಹುಡುಕಿಕೊಳ್ಳಿ ಎಂದು ಹೇಳುವುದು ಶ್ರದ್ಧಾಂಜಲಿಯ ರೀತಿಯಲ್ಲ.

2028ರ ನೂರನೇ ಸಮಾರಂಭದವರೆಗೆ ಎಬಿಸಿ. 2029ರಿಂದ ಆಸ್ಕರ್ ಯೂಟ್ಯೂಬ್‌ಗೆ ಹೋಗುತ್ತದೆ. ಟಿವಿ ವಾಹಿನಿಯ ವೇಳಾಪಟ್ಟಿ ಇಲ್ಲದ ಮೇಲೆ 45 ಸೆಕೆಂಡಿಗೆ ಕುತ್ತಿಗೆ ಹಿಡಿಯಲು ಕಾರಣ ಉಳಿಯುವುದಿಲ್ಲ. ಕಿರುಚಿತ್ರಗಳ ತಂಡಕ್ಕೆ ಇಬ್ಬರಿಗೂ ಮಾತಾಡುವಷ್ಟು ಹೊತ್ತು ಕೊಡುವುದು ಅಕಾಡೆಮಿ ಮೊದಲು ಮಾಡಬೇಕಾದ ಬದಲಾವಣೆ.

95ನೇ ಸಮಾರಂಭವನ್ನು ಪೂರ್ತಿ ನೋಡುವ ವ್ಯವಧಾನ ಇಲ್ಲದವರಿಗೆ ಆಸ್ಕರ್‌ನ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ತುಣುಕುಗಳಿವೆ. 'ನಾಟು ನಾಟು' ಪ್ರದರ್ಶನ, ಕೀರವಾಣಿ, ಕ್ವಾನ್, ಯೋ, ಕಾರ್ತಿಕಿ ಗೊನ್ಸಾಲ್ವಿಸ್ ಇವರ ಮಾತು, ಇಷ್ಟು ನೋಡಿದರೆ ಒಳ್ಳೆಯದೆಲ್ಲ ನೋಡಿದಂತೆ. ಆನೆಯ ಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿದೆ, ಸುಮಾರು 40 ನಿಮಿಷದ್ದು. ಸಿಗ್ನಲ್ ಇರುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ತೋಟದಲ್ಲೂ ತಡೆಯಿಲ್ಲದೆ ಓಡುತ್ತದೆ. ಭಾಷಣದ ತುಣುಕಿಗಿಂತ ಮುಂಚೆ ಚಿತ್ರ ನೋಡಿ. ಪ್ರಶಸ್ತಿ ಬಂದ ವರ್ಷವೇ ತಮಿಳುನಾಡು ಸರ್ಕಾರ ಬೆಳ್ಳಿಯವರನ್ನು ತೆಪ್ಪಕಾಡಿನಲ್ಲಿ ಕಾವಾಡಿಯಾಗಿ, ಅಂದರೆ ಮಾವುತರ ಸಹಾಯಕಿಯಾಗಿ ನೇಮಿಸಿತು. ಆ ರಾಜ್ಯದಲ್ಲಿ ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವರು.